ಹನ್ನೆರಡನೆಯ ಹಾಡು

“ಇದು ನಮ್ಮ ಹಾಡಲ್ಲ,” ಎಂದ ಕರ್ಟಿಸ್ ಹೇಲ್ಮನ್. ಹೆಡ್‌ಫೋನನ್ನು ಕಿವಿಯಿಂದ ಇನ್ನೂ ತೆಗೆದಿರಲಿಲ್ಲ.

ನಾರ್ಬರ್ಟ್ ಡಿಕುನ್ಹಾ ನಕ್ಕ. ಅಮೆರಿಕದವರ ತಮಾಷೆ ಹೀಗೆಯೇ, ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನು ಅಂತಿಂಥವನಲ್ಲ. ‘ಟಿನ್ ಸಬರ್ಬ್ಸ್’ ಎಂಬ ರಾಕ್ ತಂಡದ ಹಾಡುಗಾರ. ಮೂವತ್ತು ವರ್ಷಗಳಿಂದ ಗಂಟಲನ್ನು ಉಪ್ಪುಕಾಗದದಲ್ಲಿ ಉಜ್ಜಿಕೊಂಡೇ ಹಾಡಿ ಅರ್ಧ ಭೂಗೋಳವನ್ನು ಅಳಿಸಿದವನು. ಉಳಿದರ್ಧ ಒಣಗಿದ ಕಣ್ಣಲ್ಲಿ ಇನ್ನೂ ಇದೆ ಎಂದರೆ ಅದು ಅವನನ್ನು ಕೇಳಿಸಿಕೊಂಡಿಲ್ಲ, ಅಷ್ಟೆ. ಅಂಥವನು ಅಬುಧಾಬಿಯ ಯಾಸ್ ಐಲ್ಯಾಂಡಿನ ಸಭಾಂಗಣದ ಹಿಂಬದಿಯ ಕೋಣೆಯಲ್ಲಿ, ಸಂಜೆ ನಾಲ್ಕೂವರೆಗೆ, ನಾರ್ಬರ್ಟನ ವಾಕ್‌ಮನ್ನನ್ನು ತೊಡೆಯ ಮೇಲಿಟ್ಟುಕೊಂಡು ನಾರ್ಬರ್ಟನ ಕ್ಯಾಸೆಟ್ಟನ್ನು ಕೇಳುತ್ತಿದ್ದ. ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿದ ಮೇಲೆ ಇಷ್ಟು ದೊಡ್ಡ ಘಟನೆ ಇನ್ನೊಂದು ನಡೆದಿರಲಿಲ್ಲ.

“ಸರ್, ವಿಂಟರ್ ಡಿಸ್ಕೌಂಟ್,” ಎಂದ ನಾರ್ಬರ್ಟ್, ಮರೆವಿನ ಅಜ್ಜನಿಗೆ ಮೊಮ್ಮಕ್ಕಳ ಹೆಸರು ನೆನಪಿಸುವವನಂತೆ. “ನೈಂಟೀನ್ ನೈಂಟಿ ಸೆವೆನ್. ಸೈಡ್ ಬಿ. ಲಾಸ್ಟ್ ಸಾಂಗ್.”

ಆ ಆಲ್ಬಮ್ಮಿನಲ್ಲಿ ಇರುವುದು ಹನ್ನೊಂದೇ ಹಾಡು ಎಂದ ಕರ್ಟಿಸ್.

“ಇಂಡಿಯನ್ ಎಡಿಷನ್, ಸರ್. ಟ್ವೆಲ್ವ್.”

ಕರ್ಟಿಸ್ ಹಾಡನ್ನು ಕೊನೆಯವರೆಗೂ ಕೇಳಿದ. ಅದು ಅವನ ದೊಡ್ಡತನ. ಹಿಂದೆ ಹದಿನಾಲ್ಕು ಮಂದಿ ಅಭಿಮಾನಿಗಳು ಸಾಲಿನಲ್ಲಿ ಕಾಲು ಬದಲಿಸುತ್ತಿದ್ದರು. ಆಮೇಲೆ ಹೆಡ್‌ಫೋನ್ ತೆಗೆದು, ನಿಧಾನವಾಗಿ, ಇಂಗ್ಲಿಷ್ ಬಾರದವರಿಗೂ ಅರ್ಥವಾಗುವಷ್ಟು ಬಿಡಿಸಿ ಹೇಳಿದ: “ಯಾರೋ ನನ್ನಂತೆ ಹಾಡಲು ಹೊರಟಿದ್ದಾನೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನನ್ನನ್ನು ಮರೆತು ಅವನೇ ಹಾಡಿದ್ದಾನೆ. ಅಲ್ಲಿಂದ ಮುಂದೆ ನನಗಿಂತ ಚೆನ್ನಾಗಿದೆ. ಯಾರವನು?”

ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಹುಡುಗಿ “ಥ್ಯಾಂಕ್ಯೂ ಸರ್, ನೆಕ್ಸ್ಟ್” ಎಂದಳು. ಸಹಿಗೆಂದು ತಂದಿದ್ದ ಬೆಳ್ಳಿ ಬಣ್ಣದ ಪೆನ್ನು ಮುಚ್ಚಳ ತೆಗೆದಂತೆಯೇ ನಾರ್ಬರ್ಟನ ಕೈಯಲ್ಲಿ ಉಳಿಯಿತು. ಹೆಂಡತಿ ವೆಲಿಟಾ ಹಿಂದಿನಿಂದ ಅವನ ಅಂಗಿಯ ತೋಳನ್ನು ಹಿಡಿದು ಎಳೆದಳು.

“ಬನ್ನಿ. ಬೇರೆಯವರು ಕಾಯ್ತಾ ಇದ್ದಾರೆ.”

ದುಬೈಯಿಂದ ಅಬುಧಾಬಿಯವರೆಗಿನ ಅಷ್ಟೂ ಜನರಿಗೆ, ಅಂದರೆ ಕನಿಷ್ಠ ಊದ್ ಮೇಥಾದ ಇಗರ್ಜಿಗೆ ಬರುವ ಮಂಗಳೂರಿನವರಿಗೆಲ್ಲ, ಟಿನ್ ಸಬರ್ಬ್ಸ್ ಎಂದರೆ ಕರ್ಟಿಸ್ ಹೇಲ್ಮನ್ ಅಲ್ಲ, ನಾರ್ಬರ್ಟ್. ಅವನು ದುಬೈಯ ಒಂದು ಹೋಟೆಲಿನ ಔತಣ ಸಭಾಂಗಣದಲ್ಲಿ ಸೌಂಡ್ ಸೂಪರ್‌ವೈಸರ್. ಇಪ್ಪತ್ತಮೂರು ವರ್ಷಗಳಲ್ಲಿ ಅವನು ಕಿವಿಯಿಟ್ಟು ನೋಡದ ಸ್ಪೀಕರ್ ಕೊಲ್ಲಿಯ ಈ ದಂಡೆಯಲ್ಲಿ ಒಂದೂ ಇಲ್ಲ. ಅರಬರ ಮದುವೆಯಿರಲಿ, ಹಲ್ಲಿನ ಡಾಕ್ಟರುಗಳ ಸಮ್ಮೇಳನವಿರಲಿ, ಬೆಳಿಗ್ಗೆ ಸೌಂಡ್ ಚೆಕ್ಕಿಗೆ ಅವನು ಹಾಕುತ್ತಿದ್ದದ್ದು ಟಿನ್ ಸಬರ್ಬ್ಸೇ. ಹಾಲಿನ ಆ ತುದಿಯಲ್ಲಿ ಒಂದು ವೈರಿನ ಬೆಸುಗೆ ಸಡಿಲವಾಗಿದ್ದರೆ ಈ ತುದಿಯಲ್ಲಿ ಬಿರಿಯಾನಿ ತಿನ್ನುತ್ತಲೇ ಹೇಳಿಬಿಡುತ್ತಿದ್ದ. ಫೋನಿನಲ್ಲಿ ಮಾತೇ ಬೇಡ, ಸೀನಿದರೆ ಸಾಕು, ಯಾರೆಂದು ಹೇಳುತ್ತೇನೆಂದು ಪಂಥ ಕಟ್ಟಿ ಒಂದೇ ಸಂಜೆ ಆರು ಜನರ ಸೀನನ್ನು ಗುರುತಿಸಿದ್ದ. ಅವರಲ್ಲಿ ಒಬ್ಬನಿಗೆ ನಿಜವಾಗಿಯೂ ನೆಗಡಿ ಇತ್ತು, ಆದರೂ ಗುರುತಿಸಿದ್ದ.

ತಂಡದ ಏಳು ಆಲ್ಬಮ್ಮುಗಳಲ್ಲಿ ಅವನು ಏಳು ಕೋಣೆಗಳ ಮನೆಯಲ್ಲಿ ಓಡಾಡಿದಂತೆ ಓಡಾಡುತ್ತಿದ್ದ. ವಾಸವಿದ್ದದ್ದು ಕರಾಮದ ಒಂದೂವರೆ ಕೋಣೆಯ ಫ್ಲ್ಯಾಟಿನಲ್ಲಿ. ಮೊದಲನೆಯದು ‘ಲೋ ಸೀಲಿಂಗ್’, ಒಹಾಯೋದ ಯಾವುದೋ ಗ್ಯಾರೇಜಿನಲ್ಲಿ ನಾಲ್ಕು ದಿನಕ್ಕೆ ಮುಗಿಸಿದ್ದು, ಮೂರನೆಯ ಹಾಡಿನಲ್ಲಿ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಆ ನಾಯಿಯ ಹೆಸರೂ ನಾರ್ಬರ್ಟನಿಗೆ ಗೊತ್ತು. ಮೂರನೆಯದು ‘ವಿಂಟರ್ ಡಿಸ್ಕೌಂಟ್’. ಅದರಲ್ಲಿ ಪ್ರತಿ ಹಾಡೂ ಗೊಣಗಾಟದಲ್ಲಿ ಶುರುವಾಗಿ, ಗಿಟಾರುಗಳು ಒಮ್ಮೆಗೇ ತಗಡಿನ ಮಾಡು ಕುಸಿದಂತೆ ತಲೆಯ ಮೇಲೆ ಬೀಳುತ್ತವೆ. ನಾಲ್ಕನೆಯದರ ಹೊತ್ತಿಗೆ ಜಗಳವಾಗಿ ಡ್ರಮ್ಮಿನವನು ತಂಡ ಬಿಟ್ಟ. ಆ ದುಃಖಕ್ಕೆ ನಾರ್ಬರ್ಟ್ ಒಂದು ವಾರ ಮೀನು ಮುಟ್ಟಲಿಲ್ಲ. ಸ್ವಂತ ಅಪ್ಪ ತೀರಿಕೊಂಡಾಗ ಮೂರೇ ದಿನ ಬಿಟ್ಟಿದ್ದ.

ಇಂಥವನಿಗೆ ಎಫ್ಎಂ ರೇಡಿಯೋದವರು ಸ್ಪರ್ಧೆ ಇಟ್ಟದ್ದೇ ಅನ್ಯಾಯ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ, ಒಂದು ಪ್ರಶ್ನೆಯಲ್ಲಿದ್ದ ತಪ್ಪನ್ನೂ ತಿದ್ದಿ, ಜೋಡಿ ಟಿಕೆಟನ್ನೂ ಹಾಡುಗಾರನ ಭೇಟಿಯನ್ನೂ ಗೆದ್ದಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ. ತನ್ನ ಕ್ಯಾಸೆಟ್ಟಿನ ಮೇಲೆ ಕರ್ಟಿಸನ ಸಹಿ, ಹನ್ನೆರಡನೆಯ ಹಾಡಿನ ಪಕ್ಕದಲ್ಲಿಯೇ.

ಹಾಡಿನ ಹೆಸರು ‘ಮರಿಯೆಟಾ’. ಮಿಕ್ಕ ಹನ್ನೊಂದರಲ್ಲಿ ತಂಡವೆಲ್ಲ ಸೇರಿ ಗದ್ದಲವೆಬ್ಬಿಸಿದರೆ ಇದರಲ್ಲಿ ಒಂದು ಗಿಟಾರು, ಒಂದು ದನಿ. ಒಬ್ಬ ಹುಡುಗಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮೀನಿನ ಹುರುಪೆ ತೆಗೆಯುತ್ತಾಳೆ, ‘ನಲವತ್ತನಾಲ್ಕು’ ನದಿ ದಾಟಿ ಹೋಗುತ್ತದೆ, ಅವಳು ತಲೆಯೆತ್ತುವುದಿಲ್ಲ. ಇಷ್ಟೇ ಹಾಡು. ಈ ಇಷ್ಟಕ್ಕೆ ನಾರ್ಬರ್ಟ್ ಅಂತರ್ಜಾಲದ ಅಭಿಮಾನಿಗಳ ಗುಂಪಿನಲ್ಲಿ ಬರೆದ ಭಾಷ್ಯವನ್ನು ಅಚ್ಚು ಹಾಕಿದ್ದರೆ ಒಂದು ಲಾರಿ ಸಾಲುತ್ತಿರಲಿಲ್ಲ. ನಲವತ್ತನಾಲ್ಕು ಎಂದರೆ ಅಮೆರಿಕದ ಹೆದ್ದಾರಿ, ನದಿ ಮಿಸಿಸಿಪ್ಪಿ, ಮೀನು ಅಲ್ಲಿಯದೇ ಯಾವುದೋ ಮೀಸೆಮೀನು. ಇಂಥ ಹಾಡೇ ಇಲ್ಲ ಎಂದು ಒಹಾಯೋದವರೂ ನಾರ್ವೆಯವರೂ ಒಟ್ಟಾಗಿ ಹೇಳಿ ಅವನನ್ನು ಗುಂಪಿನಿಂದ ಎರಡು ಸಲ ಹೊರಗೆ ಹಾಕಿದ್ದರು. ಹಾಡು ಗುರುತಿಸುವ ಆ್ಯಪುಗಳಿಗೆ ಕೇಳಿಸಿದರೆ ಅವೂ ಕೈಚೆಲ್ಲುತ್ತಿದ್ದವು. ಲೋಕದಲ್ಲಿ ಯಾರ ಬಳಿಯೂ ಇಲ್ಲದ್ದು ತನ್ನ ಬಳಿ ಇದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು?

ಹೆಣ್ಣು ನೋಡಲು ಹೋದಾಗ ವೆಲಿಟಾಳ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿಸಿದ್ದು ಈ ಹಾಡನ್ನು. ಮದುವೆಯ ಸಂಭ್ರಮದಲ್ಲಿ ಬ್ಯಾಂಡಿನವರ ಕೈಯಲ್ಲಿ ಬಲವಂತವಾಗಿ ನುಡಿಸಿದ್ದು ಈ ಹಾಡನ್ನು. ಮಗಳು ಹುಟ್ಟಿದಾಗ ಇಟ್ಟ ಹೆಸರು ಮರಿಯೆಟಾ.

ಪಾರ್ಕಿಂಗಿನಿಂದ ಕಾರು ಹೊರಡುವಾಗ ವೆಲಿಟಾ ಕೇಳಿದಳು, “ಈಗ ಎಲ್ಲಿಗೆ? ಎಂಟು ಗಂಟೆಗೆ ಪ್ರೋಗ್ರಾಂ ಅಲ್ವಾ? ಇಲ್ಲೇ ಎಂತಾದ್ರೂ ತಿಂದು ಕೂತ್ಕೊಳ್ಳುವ.”

“ಲೆಸ್ಟರನಲ್ಲಿಗೆ.”

“ಲೆಸ್ಟರ್‌ಬಾಬ್‌ನಲ್ಲಿಗೆ ಯಾಕೆ ಈಗ?” ಗಂಡನ ಗೆಳೆಯನಿಗೆ ಅವಳು ಮದುವೆಯಾದ ದಿನದಿಂದ ಹಚ್ಚಿದ್ದ ಮರ್ಯಾದೆಯ ಬಾಲ ಅದು.

“ಯಾಕೆ ಅಂದ್ರೆ? ಕ್ಯಾಸೆಟ್ ಮಾಡಿ ಕೊಟ್ಟವನು ಅವನು. ಹಂಪನಕಟ್ಟೆಯ ರೆಕಾರ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಒರಿಜಿನಲ್ ಸಿ.ಡಿ.ಯನ್ನು ಕೈಯಲ್ಲಿ ಹಿಡಿದವನು ಅವನೊಬ್ಬನೇ. ಅವನನ್ನು ಕರ್ಕೊಂಡು ಬಂದು ಈ ಹೇಲ್ಮನ್ನಿನ ಎದುರು ನಿಲ್ಲಿಸ್ತೇನೆ. ಆ ಜನಕ್ಕೆ ಕುಡಿದು ಕುಡಿದು ತಲೆ ಖಲಾಸ್ ಆಗಿದೆ ಮಾರಾಯ್ತಿ. ತನ್ನ ಹಾಡು ತನಗೇ ನೆನಪಿಲ್ಲ!”

“ಅವರು ನೀರು ಕುಡೀತಾ ಇದ್ರು.”

“ಈಗ ನೀರು. ಮೊದಲು?”

ವೆಲಿಟಾ ಸೀಟ್ ಬೆಲ್ಟನ್ನು ಸರಿಮಾಡಿಕೊಂಡಳು. “ಬೇಡ ನಾರ್ಬರ್ಟ್. ಮನೆಗೆ ಹೋಗುವ. ನನಗೆ ತಲೆ ಸಿಡೀತಾ ಉಂಟು.”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಗಳು. ದುಬೈಯ ಜಾಹೀರಾತು ಕಂಪೆನಿಯೊಂದರಲ್ಲಿ ಕೆಲಸ, ಅಪ್ಪ ಕನ್ನಡದಲ್ಲಿ ಕೇಳಲಿ ಕೊಂಕಣಿಯಲ್ಲಿ ಕೇಳಲಿ, ಉತ್ತರ ಇಂಗ್ಲಿಷಿನಲ್ಲಿ. ಕಾರಿನ ಸ್ಪೀಕರುಗಳ ತುಂಬ ಅವಳ ದನಿ ತುಂಬಿತು. “ಡ್ಯಾಡ್! ಡಿಡ್ ಹೀ ಸೈನ್ ಇಟ್? ಡಿಡ್ ಹೀ ಟೆಲ್ ಯೂ ಹೂ ಮರಿಯೆಟಾ ವಾಸ್?”

“ನೆಟ್‌ವರ್ಕ್ ಇಲ್ಲ ಮಗಾ,” ಎಂದ ನಾರ್ಬರ್ಟ್. ಚಂದ್ರಲೋಕಕ್ಕೂ ಸಿಗ್ನಲ್ ಮುಟ್ಟಿಸುವಂಥ ಟವರುಗಳ ನಡುವೆ ಹಾದುಹೋಗುವ ರಸ್ತೆ ಅದು. ಕರೆಯನ್ನು ತುಂಡರಿಸಿ ಅವನು ಅಲ್ ರೀಮ್ ಐಲ್ಯಾಂಡಿನ ಕಡೆಗೆ ತಿರುಗಿದ. ವೆಲಿಟಾ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ತಲೆನೋವು ಜಾಸ್ತಿಯಾಗಿರಬೇಕು ಎಂದುಕೊಂಡ.

ಲೆಸ್ಟರ್ ಪಿರೇರಾ ಇದ್ದದ್ದು ಮೂವತ್ತನಾಲ್ಕನೆಯ ಮಹಡಿಯಲ್ಲಿ. ಕಂಪೆನಿಯೊಂದರ ಖರೀದಿ ವಿಭಾಗದ ಮ್ಯಾನೇಜರ್. ಪೈಪು, ವಾಲ್ವು, ಬೋಲ್ಟು ಬಿಟ್ಟು ಬೇರೇನನ್ನೂ ಮಾತಾಡದ ಮನುಷ್ಯ. ಕಾಲೇಜಿನಲ್ಲಿ ಮೂವರು ಸೇರಿ ಕಟ್ಟಿದ್ದ ಬ್ಯಾಂಡಿನಲ್ಲಿ ಅವನು ಹಾಡುತ್ತಿದ್ದ, ನಾರ್ಬರ್ಟ್ ಡ್ರಮ್ ಬಾರಿಸುತ್ತಿದ್ದ ಎಂದರೆ ಅವನ ಆಫೀಸಿನವರು ನಂಬುತ್ತಿರಲಿಲ್ಲ. ಗಲ್ಫಿಗೆ ಬಂದ ಮೇಲೆ ಅವನು ಸ್ನಾನದ ಮನೆಯಲ್ಲಿಯೂ ಹಾಡಿದ್ದನ್ನು ಯಾರೂ ಕೇಳಿಲ್ಲ. ಅವನ ಹೆಂಡತಿ ಎಲ್ಸಿ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಬಾಗಿಲು ತೆರೆದ ಲೆಸ್ಟರ್ ಚಡ್ಡಿಯಲ್ಲಿದ್ದ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

“ಅರೆ! ಇಲ್ಲಿ ಎಂತ ಮಾರಾಯ? ನಿನಗೆ ಇವತ್ತು ಹೇಲ್ಮನ್ನೊಟ್ಟಿಗೆ ಪಾರ್ಟಿ ಅಲ್ವಾ?” ನಾರ್ಬರ್ಟನ ಹಿಂದೆ ವೆಲಿಟಾಳನ್ನು ಕಂಡು, “ಓ, ಬಾ ಬಾ,” ಎಂದು ಪ್ಯಾಂಟು ಹಾಕಿಕೊಳ್ಳಲು ಒಳಗೆ ಓಡಿದ.

ಹೊರಗೆ ಬರುವಷ್ಟರಲ್ಲಿ ನಾರ್ಬರ್ಟ್ ಕ್ಯಾಸೆಟ್ಟನ್ನು ಟೀಪಾಯಿಯ ಮೇಲೆ ಇಟ್ಟಾಗಿತ್ತು. ಡಬ್ಬಿಯ ಒಳಗಿನ ಕಾಗದದಲ್ಲಿ ಲೆಸ್ಟರನದೇ ಮುದ್ದಾದ ಅಕ್ಷರಗಳಲ್ಲಿ ಹನ್ನೆರಡು ಹೆಸರುಗಳು.

“ಇದನ್ನು ರೆಕಾರ್ಡ್ ಮಾಡಿದ್ದು ಯಾರು?”

“ನಾನು.”

“ಎಂತದ್ರಿಂದ?”

“ಸಿ.ಡಿ.ಯಿಂದ. ಯಾಕೆ, ಎಂತಾಯ್ತು?”

“ಎಂತಾಯ್ತಾ? ಆ ಬೇವರ್ಸಿ ಇದು ನಮ್ಮದಲ್ಲ ಅಂದ. ನನ್ನ ಮುಖಕ್ಕೇ ಅಂದ, ಹದಿನಾಲ್ಕು ಜನರ ಎದುರು. ನೀನು ಬಾ. ಅಂಗಿ ಹಾಕು. ಸಿ.ಡಿ.ಯಲ್ಲಿ ಎಷ್ಟು ಹಾಡಿತ್ತು, ನೀನೇ ಹೇಳು ಅವನಿಗೆ.”

ಲೆಸ್ಟರ್ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತ. ವೈರನ್ನು ಅದರ ಸುತ್ತ ಸುತ್ತಿದ, ಬಿಚ್ಚಿದ, ಇನ್ನೊಮ್ಮೆ ಸುತ್ತಿದ.

“ಹನ್ನೊಂದು.”

“ಹನ್ನೆರಡು.”

“ಹನ್ನೊಂದು ಮಾರಾಯ. ಹನ್ನೆರಡನೇದು ನಾನು ಹಾಡಿದ್ದು.”

ನಾರ್ಬರ್ಟ್ ನಕ್ಕ ನಗೆಗೆ ಮೂವತ್ತನಾಲ್ಕನೆಯ ಮಹಡಿಯ ಗಾಜುಗಳೆಲ್ಲ ಅದುರಿದವು. ಬೇರೆ ಯಾರೂ ನಗುತ್ತಿಲ್ಲ ಎಂದು ಅವನಿಗೆ ಗೊತ್ತಾಗುವಾಗ ನಗೆ ಅರ್ಧದಲ್ಲಿತ್ತು. ಅದನ್ನು ಹೇಗೆ ನಿಲ್ಲಿಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಎಳೆದ.

“ಕೂತ್ಕೊ,” ಎಂದ ಲೆಸ್ಟರ್.

“ನಿಂತೇ ಕೇಳ್ತೇನೆ.”

ಆ ಕಾಲದ ರೆಕಾರ್ಡಿಂಗ್ ಅಂಗಡಿಗಳಿಗೊಂದು ಪದ್ಧತಿಯಿತ್ತು. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಆಲ್ಬಮ್ ತುಂಬಿದ ಮೇಲೆ ಐದೋ ಹತ್ತೋ ನಿಮಿಷ ಟೇಪು ಉಳಿಯುತ್ತಿತ್ತು. ಖಾಲಿ ಬಿಟ್ಟು ಕೊಟ್ಟರೆ ಗಿರಾಕಿಗಳು ಜಗಳಕ್ಕೆ ನಿಲ್ಲುತ್ತಿದ್ದರು. ಹಾಗಾಗಿ ಕೈಗೆ ಸಿಕ್ಕಿದ ಯಾವುದಾದರೂ ಹಾಡನ್ನು ಬಾಲದಂತೆ ಅಂಟಿಸಿ ಕೊಡುತ್ತಿದ್ದರು. ಭಕ್ತಿಗೀತೆಯ ಹಿಂದೆ ಡಿಸ್ಕೋ, ಡಿಸ್ಕೋದ ಹಿಂದೆ ಯಕ್ಷಗಾನದ ಪದ. ಮಂಗಳೂರಿನ ಒಂದು ತಲೆಮಾರು ಹಾಗೆಯೇ ಸಂಗೀತ ಕಲಿತದ್ದು.

“ಖಾಲಿ ಬಿಟ್ಟಿದ್ರೆ ನೀನು ಅಂಗಡಿಗೆ ಬೆಂಕಿ ಕೊಡ್ತಿದ್ದಿ,” ಎಂದ ಲೆಸ್ಟರ್. “ಅದರ ಹಿಂದಿನ ತಿಂಗಳು ನಾನು ಮಾಡಿದ ಮೂರು ಹಾಡು ನಿನಗೆ ಹಾಡಿ ತೋರಿಸಿದ್ದೆ. ನೆನಪುಂಟಾ? ಒಂದನ್ನೂ ನೀನು ಮುಗಿಸಲಿಕ್ಕೆ ಬಿಡ್ಲಿಲ್ಲ. ‘ಹಾಡು ಮಾಡುದು ಅಮೆರಿಕದವರ ಕೆಲಸ, ನೀನು ಕಾಪಿ ಹೊಡಿ ಸಾಕು’ ಅಂದಿ. ಆಯ್ತಲ್ಲ, ಇವನಿಗೆ ಅಮೆರಿಕದ್ದೇ ಒಂದು ಕೊಡುವ ಅಂತ ಶಟರ್ ಎಳೆದು ಹಾಡಿದೆ. ಒಂದು ವಾರ ಬಿಟ್ಟು ಹೇಳಿ ನಗುವ ಅಂತ ಇದ್ದದ್ದು. ಮರುದಿವಸ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನೀನು ಬಂದು ನಿಂತಿದ್ದಿ. ಕಣ್ಣ ತುಂಬ ನೀರು. ‘ಲೋಕದಲ್ಲಿ ಇಂಥಾ ಹಾಡು ಇನ್ನೊಂದಿಲ್ಲ ಲೆಸ್ಟರ್’ ಅಂದಿ.”

“ಆಗಲೇ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು.” ಲೆಸ್ಟರ್ ತಲೆ ಕೆರೆದುಕೊಂಡ. “ನನ್ನ ಹಾಡನ್ನು ಅಷ್ಟು ಹೊಗಳಿದವರು ಅದಕ್ಕೆ ಮೊದಲು ಯಾರೂ ಇಲ್ಲ, ಮತ್ತೂ ಯಾರೂ ಇಲ್ಲ. ಇನ್ನೊಂದು ದಿವಸ ಕೇಳುವ ಅಂತ ಕಾಣ್ತು ಮಾರಾಯ. ಹಾಗೇ ಹೋಯ್ತು. ಒಂದು ಮಾತು ಹೇಳ್ಲಾ? ಸೀನಿದ್ರೆ ಗುರುತು ಹಿಡಿತಿ ನೀನು. ಇಷ್ಟು ವರ್ಷ ದಿನಾ ಕೇಳಿದಿ, ಒಂದು ದಿವಸವೂ ನಿನಗೆ ನನ್ನ ದನಿ ಅಂತ ಸಂಶಯ ಬರ್ಲಿಲ್ಲ ಅಲ್ವಾ?”

“ಸುಳ್ಳು. ಹಾಡು, ನೋಡುವ.”

ಲೆಸ್ಟರ್ ಹಾಡಿದ. ಒಂದೇ ಸಾಲು, ಅದೂ ಅರ್ಧ ದನಿಯಲ್ಲಿ. ದನಿಯ ಮೇಲೆ ಇಪ್ಪತ್ತೇಳು ವರ್ಷಗಳ ತುಕ್ಕು. ಪೂರ್ತಿ ಸಾಲು ಬೇಕಾಗಿರಲಿಲ್ಲ. ಮೊದಲ ಪದಕ್ಕೆ ಮುಂಚೆ ಉಸಿರು ಎಳೆದುಕೊಂಡನಲ್ಲ, ಅಷ್ಟರಲ್ಲಿಯೇ ನಾರ್ಬರ್ಟನಿಗೆ ಗೊತ್ತಾಯಿತು. ಆ ಉಸಿರು ಕ್ಯಾಸೆಟ್ಟಿನಲ್ಲಿಯೂ ಇತ್ತು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ತನ್ನೊಂದಿಗೆ ಮೋಸಹೋದವರು ಇನ್ನೊಬ್ಬರು ಬೇಕಾಗುತ್ತಾರೆ. ನಾರ್ಬರ್ಟ್ ವೆಲಿಟಾಳ ಕಡೆಗೆ ತಿರುಗಿದ. ಅವಳು ಎದ್ದು ನಿಂತು ಲೆಸ್ಟರನಿಗೆ ನಾಲ್ಕು ಬೈಯಬೇಕಾಗಿತ್ತು. ಬಾಯಿ ತೆರೆದು ಎದೆಯ ಮೇಲೆ ಕೈಯಾದರೂ ಇಡಬೇಕಾಗಿತ್ತು. ಅವಳು ಸೋಫಾದ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲವನ್ನು ನೋಡುತ್ತಿದ್ದಳು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಹುಡುಕಿದರೂ ಇರಲಿಲ್ಲ.

“ನಿನಗೆ ಗೊತ್ತಿತ್ತಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಯಾವಾಗಿಂದ?”

“ನೀವು ನಮ್ಮಲ್ಲಿಗೆ ಬಂದು ಟೇಪ್ ಹಾಕಿದ ದಿವಸದಿಂದ. ಆರು ವರ್ಷ ಇಗರ್ಜಿಯ ಕೊಯರಿನಲ್ಲಿ ಇವನ ಪಕ್ಕ ನಿಂತು ಹಾಡಿದವಳು ನಾನು. ನನಗೆ ದನಿ ಗೊತ್ತಾಗುದಿಲ್ವಾ?” ಕೈಚೀಲವನ್ನು ಪಕ್ಕಕ್ಕಿಟ್ಟು, “ಮತ್ತೆ ಆ ಹಾಡಿನ ಅಡುಗೆಮನೆ ನಮ್ಮದೇ. ತೊಕ್ಕೊಟ್ಟಿನದ್ದು. ಕಿಟಕಿಯ ಎದುರೇ ಬಸ್ ಸ್ಟಾಪು. ನಲವತ್ತನಾಲ್ಕು ಅಂದ್ರೆ ಉಳ್ಳಾಲದ ಬಸ್ಸು.”

ಆ ಅಡುಗೆಮನೆಯಲ್ಲಿ ನಾರ್ಬರ್ಟ್ ಬಂಗುಡೆ ಸಾರು ಉಂಡಿದ್ದ. ಆ ಕಿಟಕಿಯ ಕಟ್ಟೆಯಲ್ಲಿ ಬೀರಿನ ಗ್ಲಾಸು ಇಟ್ಟುಕೊಂಡು, ನೇತ್ರಾವತಿಯ ಸೇತುವೆ ದಾಟಿ ಬಂದ ನಲವತ್ತನಾಲ್ಕನ್ನು ನೋಡುತ್ತಾ, ಮಾವನಿಗೆ ಅಮೆರಿಕದ ಹೆದ್ದಾರಿಯನ್ನು ವಿವರಿಸಿದ್ದ.

“ಅಂದ್ರೆ ಮದುವೆಗೆ ಮೊದಲು ನೀವಿಬ್ರು—”

“ಎಂತ ಇರ್ಲಿಲ್ಲ,” ಎಂದರು ಇಬ್ಬರೂ. ಒಟ್ಟಿಗೆ ಎಂದರು. ಒಂದೇ ಶ್ರುತಿಯಲ್ಲಿ ಎಂದರು. ಅದು ನಾರ್ಬರ್ಟನ ಕಿವಿಗೆ ಮಾತ್ರ ಕೇಳಿಸುವ ಸಂಗತಿ.

“ಇವ ಬಾಯಿ ಬಿಟ್ಟು ಒಂದು ಮಾತು ಹೇಳಿದವನಲ್ಲ,” ಎಂದಳು ವೆಲಿಟಾ. “ನೀವು ಬಂದು ಟೇಪ್ ಹಾಕದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

ಎಸಿ ಒಮ್ಮೆ ನಿಂತು ಮತ್ತೆ ಶುರುವಾಯಿತು.

“ಹೆಸರು,” ಎಂದ ನಾರ್ಬರ್ಟ್. “ಮಗಳಿಗೆ ಆ ಹೆಸರು ಇಡುವಾಗಲೂ ಸುಮ್ನೆ ಇದ್ದಿಯಲ್ಲ.”

“ಸುಮ್ನೆ ಇರ್ಲಿಲ್ಲ. ಫೋನ್ ಮಾಡಿದ್ದೆ.” ಅವಳು ಮೊದಲ ಸಲ ತಲೆಯೆತ್ತಿ ಲೆಸ್ಟರನನ್ನು ನೋಡಿದಳು. “ಹೇಳು ಲೆಸ್ಟರ್. ಹೆಸರಿಡುವ ಮೊದಲು ಇವರಿಗೆ ಹೇಳಿಬಿಡು ಅಂತ ಫೋನ್ ಮಾಡಿದ್ದೆ ಅಲ್ವಾ? ಹೇಳ್ತೇನೆ ಅಂದಿದ್ದಿ.”

‘ಬಾಬ್’ ಎಂಬ ಬಾಲವಿಲ್ಲದ ಲೆಸ್ಟರ್ ಆ ಮನೆಯೊಳಗೆ ಹೊಸಬನಂತೆ ಕಂಡ.

“ಹೇಳ್ಲಿಕ್ಕೆಂತಲೇ ಆಸ್ಪತ್ರೆಗೆ ಬಂದದ್ದು,” ಎಂದ ಅವನು ನಾರ್ಬರ್ಟನಿಗೆ. “ನೀನು ಮಗುವನ್ನು ಎತ್ತಿಕೊಂಡು ಅದನ್ನೇ ಹಾಡ್ತಾ ಇದ್ದಿ. ನರ್ಸುಗಳನ್ನೆಲ್ಲ ನಿಲ್ಲಿಸಿ, ಅಮೆರಿಕ, ಹೈವೇ ಅಂತ ಹೇಳ್ತಾ ಇದ್ದಿ. ಹೇಗೆ ಹೇಳುದು? ಮತ್ತೆ ಇನ್ನು ಹೀಗೇ ಇರಲಿ ಅಂತ ನಾವು ತೀರ್ಮಾನ ಮಾಡಿದೆವು.”

“ನಾವು,” ಎಂದ ನಾರ್ಬರ್ಟ್.

ಮಗಳಿಗೆ ಈಗ ಇಪ್ಪತ್ತೆರಡು ವರ್ಷ. ಈ ಸಂಖ್ಯೆಯನ್ನು ಉಬ್ಬಿಸುವ ಅಗತ್ಯ ಇರಲಿಲ್ಲ. ಪ್ರತಿ ಕ್ರಿಸ್ಮಸ್ಸಿನ ಊಟ ಮುಗಿದ ಮೇಲೆ ಅವನು ಎಲ್ಲರನ್ನೂ ಸುಮ್ಮನಾಗಿಸಿ ಕ್ಯಾಸೆಟ್ ಹಾಕುತ್ತಿದ್ದ. ಲೆಸ್ಟರ್ ಗ್ಲಾಸಿನೊಳಗಿನ ಐಸು ನೋಡುತ್ತಿದ್ದ. ವೆಲಿಟಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಇವಳಿಗೆ ಸಂಗೀತ ಅಂದ್ರೆ ಅಷ್ಟಕ್ಕಷ್ಟೇ ಎಂದು ನಾರ್ಬರ್ಟ್ ಬಂದವರೆದುರು ನಗುತ್ತಿದ್ದ. ನಲ್ಲಿಯ ಸದ್ದು ಹಾಡು ಮುಗಿಯುವವರೆಗೂ ಕೇಳುತ್ತಿತ್ತು.

“ನಿಮಗೆ ಬೇಜಾರಾಗ್ಬಾರ್ದು ಅಂತ,” ಎಂದಳು ವೆಲಿಟಾ.

“ಬೇಜಾರು ನನಗೆ ಯಾಕೆ? ನನಗೆ ಎಂತ ಆಗಿದೆ?” ಎಂದ. “ಮಕ್ಕಳಿಗೆ ಹೇಳ್ತೇವಲ್ಲ, ಸಾಂತಾಕ್ಲಾಸ್ ಬಂದು ಇಟ್ಟು ಹೋದ ಅಂತ. ಎಷ್ಟು ಖುಷಿ ನೋಡು ಅಂತ ಅಪ್ಪ ಅಮ್ಮ ಹಿಂದಿನಿಂದ ನೋಡಿ ನಗುದಿಲ್ವಾ? ಹಾಗೆ ಮಾಡಿದ್ರಿ ನೀವಿಬ್ರು.”

“ಯಾರೂ ನಗ್ಲಿಲ್ಲ ನಾರ್ಬ,” ಎಂದ ಲೆಸ್ಟರ್.

“ಎಲ್ಸಿಗೆ ಗೊತ್ತುಂಟಾ?”

“ಇಲ್ಲ.”

“ಓಹೋ. ಹಾಗಾದ್ರೆ ನಾವು ಅಂದ್ರೆ ಇಬ್ಬರೇ.”

ಅವನು ಕೊನೆಗೂ ಕೂತ, ಇಸ್ತ್ರಿಯಾಗಬೇಕಿದ್ದ ಅಂಗಿಗಳ ಮೇಲೆಯೇ ಕೂತ. ಟೀಪಾಯಿಯಿಂದ ಕ್ಯಾಸೆಟ್ ತೆಗೆದು ಲೆಸ್ಟರನ ಕಡೆಗೆ ಸರಿಸಿದ.

“ಹಾಡು. ಪೂರ್ತಿ.”

“ಬೇಡ ಮಾರಾಯ.”

“ಇಪ್ಪತ್ತೇಳು ವರ್ಷ ಊರಿಗೆಲ್ಲ ಹಾಡಿದವನು ನಾನು. ಒಂದು ಸಲ ನೀನು ಹಾಡು. ಯಲ್ಲಾ, ಶುರುಮಾಡು.”

ಲೆಸ್ಟರ್ ವೆಲಿಟಾಳ ಕಡೆ ನೋಡಲಿಲ್ಲ. ನೋಡದೆ ಇರಲು ಅವನು ಪಟ್ಟ ಕಷ್ಟ ಕಾಣುತ್ತಿತ್ತು. ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮೊದಲ ಚರಣದಲ್ಲಿ ಕರ್ಟಿಸ್ ಹೇಲ್ಮನ್ನಿನ ಗೊರಗೊರ ಸ್ವಲ್ಪ ಇತ್ತು. ಹುಡುಗಿ ಕಿಟಕಿಯಲ್ಲಿ ನಿಂತಳು, ಹುರುಪೆ ಬೆರಳಿಗೆ ಅಂಟಿತು, ನಲವತ್ತನಾಲ್ಕು ನದಿ ದಾಟಿತು. ಎರಡನೆಯ ಚರಣದಲ್ಲಿ ದನಿ ಸಡಿಲವಾಯಿತು, ಕರ್ಟಿಸ್ ಹೇಳಿದಂತೆಯೇ. ಎರಡು ಸಾಲು ಆಗುವಷ್ಟರಲ್ಲಿ ಲೆಸ್ಟರ್ ನಿಂತ. ಕೈಯನ್ನು ಗಾಳಿಯಲ್ಲಿ ಆಡಿಸಿ ಪದ ಹುಡುಕಿದ. ತನ್ನ ಹಾಡು ತನಗೇ ಮರೆತಿತ್ತು.

ಮುಂದಿನ ಸಾಲು ನಾರ್ಬರ್ಟನ ನಾಲಗೆಯ ತುದಿಯಲ್ಲಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಸಾಲು. ಅವನು ಹಲ್ಲು ಕಚ್ಚಿ ಕೂತ.

“ಅವಳ ಬೆನ್ನಿನ ಹಿಂದೆ ದೀಪ ಉರೀತಾ ಉಂಟು,” ಎಂದಳು ವೆಲಿಟಾ. ಹಾಡಿನ ಇಂಗ್ಲಿಷಿನಲ್ಲಿ ಅಲ್ಲ. ಅವಳದೇ ಮಾತಿನಲ್ಲಿ, ಮಗ್ಗುಲಲ್ಲಿ ನಿಂತವರಿಗೆ ಕೊಯರಿನ ಪುಸ್ತಕದ ಪುಟ ತೋರಿಸುವಂತೆ, ಮೆಲ್ಲನೆ. ಹೇಳಿದ ಮೇಲೆ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಲೆಸ್ಟರ್ ಅಲ್ಲಿಂದ ಮುಂದುವರಿಸಲಿಲ್ಲ.

ನಾರ್ಬರ್ಟ್ ಎದ್ದು ಬಾಗಿಲ ಬಳಿ ಹೋಗಿ ಶೂ ಹಾಕಿಕೊಂಡ. ಲೇಸ್ ಕಟ್ಟಲು ಬಹಳ ಹೊತ್ತು ಹಿಡಿಯಿತು. ಹಿಂದಿನಿಂದ ಇಬ್ಬರೂ ಅವನ ಹೆಸರು ಕರೆದರು, ಈ ಸಲ ಬೇರೆ ಬೇರೆಯಾಗಿ. ಲಿಫ್ಟಿನಲ್ಲಿ ಶಾಲೆಯ ಸಮವಸ್ತ್ರದ ಇಬ್ಬರು ಮಕ್ಕಳು ಜಗಳವಾಡುತ್ತಿದ್ದರು. ಅವರು ಹನ್ನೆರಡರಲ್ಲಿ ಇಳಿದರು. ಉಳಿದ ದಾರಿಯಲ್ಲಿ ಅವನೊಬ್ಬನೇ ಇದ್ದ.

ಹೊರಗೆ ಸೆಪ್ಟೆಂಬರಿನ ಸಂಜೆ ಒದ್ದೆ ಬಟ್ಟೆಯಂತೆ ಮೈಗೆ ಅಂಟಿತು. ಮಗ್ರಿಬಿನ ಬಾಂಗು ಎರಡು ಮಸೀದಿಗಳಿಂದ ಸ್ವಲ್ಪ ಹಿಂದೆಮುಂದೆಯಾಗಿ ಬರುತ್ತಿತ್ತು. ಅವನು ಕಾರಿನಲ್ಲಿ ಕೂತು ಎಸಿಯನ್ನು ಪೂರ್ತಿ ತಿರುಗಿಸಿ, ಬಾಗಿಲುಗಳನ್ನು ಲಾಕ್ ಮಾಡಿದ. ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಯಾಸ್ ಐಲ್ಯಾಂಡಿಗೆ ಇನ್ನೂ ಸಮಯವಿತ್ತು. ಟಿಕೆಟು ಎರಡೂ ಅವನ ಜೇಬಿನಲ್ಲಿಯೇ ಇದ್ದವು. ತಣ್ಣಗಿನ ಗಾಳಿಗೆ ಗಾಜುಗಳು ಒಂದೊಂದಾಗಿ ಮಸುಕಾದವು. ಕಟ್ಟಡ, ಖರ್ಜೂರದ ಗಿಡಗಳ ಸಾಲು, ಗೇಟಿನ ಕಾವಲುಗಾರ, ಎಲ್ಲ ಬೆಳ್ಳಗೆ ಕರಗಿಹೋದವು.

ಎಷ್ಟು ಹೊತ್ತಾಯಿತೋ, ಪಕ್ಕದ ಸೀಟಿನ ಕಿಟಕಿಯ ಹೊರಗೆ ಒಂದು ನೆರಳು ಬಂದು ನಿಂತಿತು. ಬಾಗಿಲಿನ ಹಿಡಿಯನ್ನು ಒಂದು ಸಲ ಎಳೆದು ಬಿಟ್ಟಿತು. ಬಡಿಯಲಿಲ್ಲ. ಆಮೇಲೆ ಒಂದು ಅಂಗೈ ಗಾಜನ್ನು ಒರೆಸಿತು; ಒರೆಸಿದ ಜಾಗದಲ್ಲಿ ವೆಲಿಟಾಳ ಕಣ್ಣುಗಳು, ಒಳಗೆ ಏನೂ ಕಾಣದೆ ಕಿರಿದಾಗಿಸಿಕೊಂಡ ಕಣ್ಣುಗಳು, ಬಂದು ನಿಂತವು.

ಒರೆಸಿದ ಜಾಗ ಮತ್ತೆ ಮಸುಕಾಗತೊಡಗಿತು. ನಾರ್ಬರ್ಟ್ ಬಗ್ಗಿ, ಅಂಗಿಯ ತೋಳಿನಿಂದ ಒಳಗಿನಿಂದ ಒರೆಸಿದ. ಇನ್ನೊಮ್ಮೆ, ಒತ್ತಿ ಒರೆಸಿದ. ಮಂಜು ಗಾಜಿನ ಆಚೆ ಬದಿಯಲ್ಲಿತ್ತು.